ಭಾವನ ಸ್ವಂತ ನಂಬರು

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅವರಿಗೆ ಇಂಟರ್‌ನೆಟ್ಟಿನಲ್ಲಿ ಸ್ವಂತ ನಂಬರ್ ಇತ್ತು ಅಂದ ಕೂಡಲೇ ಜನ ಅವರನ್ನು ದೊಡ್ಡ ಕಂಪ್ಯೂಟರ್ ಪಂಡಿತರು ಅಂದುಕೊಂಡುಬಿಡುತ್ತಾರೆ. ಪಂಡಿತರೂ ಅಲ್ಲ, ಮಣ್ಣೂ ಅಲ್ಲ. ಕಟ್ಟಡಗಳ ತಾರಸಿ ಮೇಲಿನ ಮೋಟಾರ್ ಕೋಣೆಯಲ್ಲಿ ಗ್ರೀಸು ಮೆತ್ತಿಕೊಂಡು, ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಕಿತ್ತಿದೆಯೇ ಎಂದು ಬಟ್ಟೆಯಲ್ಲಿ ಸವರಿ ನೋಡಿ, ಸಂಜೆ ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುವ ಮನುಷ್ಯ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅಕ್ಕ ಆ ಕೈಗೆ ತಟ್ಟೆ ಕೊಡುವಾಗಲೆಲ್ಲ ಮೂಗು ಮುರಿಯುತ್ತಿದ್ದಳು.

ನಾನು ಅವರ ನಾದಿನಿ. ಅವರ ಮನೆ ಈಗ ಮಹಡಿಯಲ್ಲಿ, ಅದರ ಕೆಳಗೆ ಬೀದಿಗೆ ನನ್ನ ಅಂಗಡಿ. ಕಿಟಕಿಗೆ ಬಾಗಿಲಿಗೆ ಪರದೆ ಹೊಲಿದುಕೊಡುತ್ತೇನೆ. ಮದುವೆ ಆಗಲಿಲ್ಲ, ಆಗದ್ದಕ್ಕೆ ಬೇಜಾರೂ ಇಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅಂತ ಅಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳು. ಭಾವ ನನ್ನನ್ನು ಕರೆಯುವುದು ಕತ್ತರಿ ಅಂತ. ಕಸುಬು ನೋಡಿ ಇಟ್ಟ ಹೆಸರೋ ನಾಲಿಗೆ ನೋಡಿ ಇಟ್ಟದ್ದೋ, ನಾನು ಕೇಳಲು ಹೋಗಿಲ್ಲ.

ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರಿಬ್ಬರೂ ಒಂದು ಕಾಲದಲ್ಲಿ ಅತ್ತು ಮುಗಿಸಿದ್ದರು. ಅಕ್ಕ ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿ ಕೂರುತ್ತಿದ್ದಳು. ಭಾವನಿಗೆ ಹಳೆಯ ಲಿಫ್ಟುಗಳ ಹುಚ್ಚು. ಊರಿನಲ್ಲಿ ಹಳೆಯ ಕಟ್ಟಡ ಕೆಡವುತ್ತಾರೆ ಅಂತ ಸುದ್ದಿ ಸಿಕ್ಕರೆ ಸಾಕು, ರಜೆ ಹಾಕಿ ಹೋಗಿ ಅಲ್ಲಿನ ಲಿಫ್ಟಿನ ಫೋಟೋ ತೆಗೆದುಕೊಂಡು ಬರುತ್ತಿದ್ದರು. ಎಳೆದು ಮುಚ್ಚುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ, ತಯಾರಿಸಿದವರ ಹೆಸರಿನ ತಗಡು, ಎಲ್ಲವನ್ನೂ. ಆಮೇಲೆ ಅದನ್ನು ತಮ್ಮದೇ ಒಂದು ವೆಬ್‌ಸೈಟಿಗೆ ಹಾಕುತ್ತಿದ್ದರು. ಪ್ರತಿಯೊಂದು ಲಿಫ್ಟಿಗೂ ಒಂದು ಪುಟ, ಯಾವಾಗ ಓಡಲು ಶುರುವಾಯಿತು, ಯಾವಾಗ ನಿಂತಿತು. "ನಿಮ್ಮದು ವೆಬ್‌ಸೈಟಲ್ಲ ಕಣ್ರೀ, ಸತ್ತ ಲಿಫ್ಟುಗಳ ಸ್ಮಶಾನ" ಅಂತ ಅಕ್ಕ. ಭಾವ ನಗುತ್ತಿದ್ದರು. ದೂರದ ದೇಶಗಳಲ್ಲೂ ಈ ಹುಚ್ಚಿನವರು ಇದ್ದಾರಂತೆ. ಒಬ್ಬ ಮುದುಕರು ಒಮ್ಮೆ ಆ ಪುಟ ನೋಡಿ, ಆ ಲಿಫ್ಟು ನಮ್ಮ ಅಪ್ಪ ಕೂರಿಸಿದ್ದು, ಅಂತ ಬರೆದಿದ್ದರು. ಭಾವ ಅದನ್ನು ಅಕ್ಕನಿಗೆ ಓದಿ ಹೇಳಿ, ನನಗೂ ಅಂಗಡಿಗೆ ಬಂದು ಓದಿ ಹೇಳಿದರು.

ತೊಂದರೆ ಏನೆಂದರೆ ಆ ವೆಬ್‌ಸೈಟು ಇದ್ದದ್ದು ಮನೆಯಲ್ಲೇ, ಬೀರುವಿನ ಮೇಲಿಟ್ಟ ಒಂದು ಸಣ್ಣ ಮೆಷಿನ್ನಿನಲ್ಲಿ. ಅವರು ಬಾಡಿಗೆ ಮನೆಯವರು. ಮನೆ ಬದಲಾದರೆ ಕನೆಕ್ಷನ್ ಬದಲು. ಕನೆಕ್ಷನ್ ಬದಲಾದರೆ ಇಂಟರ್‌ನೆಟ್ಟಿನ ವಿಳಾಸ ಬದಲು. ಆಗೆಲ್ಲ ಲಿಫ್ಟುಗಳು ಒಂದಷ್ಟು ಕಾಲ ಯಾರಿಗೂ ಸಿಗುತ್ತಿರಲಿಲ್ಲ. ಒಮ್ಮೆ ಕನೆಕ್ಷನ್ ಕೊಟ್ಟವರು ಹೇಳದೆ ಕೇಳದೆ ವಿಳಾಸ ಬದಲಿಸಿಬಿಟ್ಟರು. ಭಾವ ಫೋನ್ ಮಾಡಿ ಕೇಳಿದ್ದಕ್ಕೆ, ಆ ವಿಳಾಸ ನಿಮ್ಮದಲ್ಲ ಸಾರ್, ನಮ್ಮದು, ನಿಮಗೆ ಬಳಸೋಕೆ ಕೊಟ್ಟಿದ್ದೆವು ಅಷ್ಟೆ, ಅಂದರಂತೆ. ಆ ಮಾತು ಭಾವನಿಗೆ ಚುಚ್ಚಿತು. ಮನೆ ಬಾಡಿಗೆಯದು, ಬೈಕು ಕಂಪನಿಯದು, ಈಗ ವಿಳಾಸವೂ ಇನ್ನೊಬ್ಬರದು ಅಂತ ಅವತ್ತು ಊಟಕ್ಕೆ ಕೂತು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಬ್ಯಾಂಕುಗಳು, ದೊಡ್ಡ ಕಂಪನಿಗಳು ಯಾರ ವಿಳಾಸವನ್ನೂ ಬಾಡಿಗೆಗೆ ಪಡೆಯುವುದಿಲ್ಲವಂತೆ. ಅವಕ್ಕೆ ಸ್ವಂತ ವಿಳಾಸಗಳ ಒಂದು ರಾಶಿಯೇ ಇರುತ್ತದೆ, ಜೊತೆಗೆ ಒಂದು ನಂಬರ್. ಜಗತ್ತಿನ ಬೇರೆ ನೆಟ್‌ವರ್ಕುಗಳು ಆ ನಂಬರಿನಿಂದಲೇ ಅವರನ್ನು ಗುರುತು ಹಿಡಿಯುತ್ತವೆ. ಈ ವಿಳಾಸ ಇಂಥ ನಂಬರಿನವರದು, ಅವರ ಮನೆಗೆ ಹೀಗೆ ಹೋಗಬೇಕು, ಅಂತ ಒಂದು ಇನ್ನೊಂದಕ್ಕೆ ದಾರಿ ಹೇಳಿಕೊಡುತ್ತವೆ. ಇದನ್ನೆಲ್ಲ ಹಂಚುವುದಕ್ಕೆ ಒಂದು ಕಚೇರಿ ಇದೆ. ದೊಡ್ಡವರಿಗೆ ಮಾತ್ರ ಅಂತ ಇಲ್ಲ. ಒಬ್ಬ ಸಾಮಾನ್ಯ ಮನುಷ್ಯ, ಬರೀ ಹವ್ಯಾಸಕ್ಕೆ, ಕೇಳಿ ಪಡೆಯಬಹುದು. ಆದರೆ ಆ ಕಚೇರಿಯಲ್ಲಿ ಸದಸ್ಯನಾದ ಒಂದು ಕಂಪನಿ ಜಾಮೀನು ನಿಲ್ಲಬೇಕು.

"ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಅಂದಳು ಅಕ್ಕ. "ಎಲ್ಲರೂ ಬಾಡಿಗೆ ವಿಳಾಸದಲ್ಲಿ ಸುಖವಾಗಿಲ್ವಾ?"

"ಅವರಿಗೆಲ್ಲ ಲಿಫ್ಟಿಲ್ಲ" ಅಂದರು ಭಾವ.

ಜಾಮೀನು ನಿಲ್ಲುವವರು ಒಬ್ಬರು ಸಿಕ್ಕರು. ಬೇರೆ ದೇಶದವರು, ಒಬ್ಬರೇ ನಡೆಸುವ ಪುಟ್ಟ ಕಂಪನಿ, ಇಂಥ ಹವ್ಯಾಸಿಗಳಿಗೆ ಸಹಾಯ ಮಾಡುವುದೇ ಅವರ ಕೆಲಸ. ಭಾವ ಅವರನ್ನು ಯಾವತ್ತೂ ಕಂಡವರಲ್ಲ. ಫೋಟೋದಲ್ಲಿ ಒಂದು ಉಣ್ಣೆಯ ಟೋಪಿ ಹಾಕಿಕೊಂಡಿದ್ದರು, ಅದಕ್ಕೆ ನಮ್ಮನೆಯಲ್ಲಿ ಅವರು ಟೋಪಿಯವರಾದರು. "ಟೋಪಿಯವರು ನಮಗೆ ಟೋಪಿ ಹಾಕದಿದ್ದರೆ ಸಾಕು" ಅಂತ ನಾನೂ ಅಕ್ಕನೂ ನಕ್ಕಿದ್ದೇ ನಕ್ಕಿದ್ದು. ಈಗ ನೆನೆಸಿಕೊಂಡರೆ ಆ ಮನುಷ್ಯನಿಗೆ ಅನ್ಯಾಯ ಮಾಡಿದೆವು ಅನಿಸುತ್ತದೆ.

ಅರ್ಜಿ ಮೊದಲ ಸಲ ವಾಪಸು ಬಂತು. ನಿಮ್ಮ ನೆಟ್‌ವರ್ಕ್ ಯಾವುದು, ಎಷ್ಟು ಜನ ಬಳಸುತ್ತಾರೆ, ಅಂತ ಕೇಳಿದ್ದಕ್ಕೆ ಭಾವ ಪ್ರಾಮಾಣಿಕವಾಗಿ, ನಾನು, ನನ್ನ ಹೆಂಡತಿ, ಮತ್ತು ಲಿಫ್ಟುಗಳು, ಅಂತ ಬರೆದಿದ್ದರು. ಟೋಪಿಯವರು ತಲೆ ಚಚ್ಚಿಕೊಂಡು ತಿದ್ದಿಸಿದರು. ಎರಡನೇ ಸಲ ಗುರುತಿನ ಚೀಟಿಯಲ್ಲಿದ್ದ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗಲಿಲ್ಲ. ಹೀಗೇ ಎಳೆದಾಡಿ ಎಳೆದಾಡಿ, ಒಂದು ದಿನ ಮಧ್ಯಾಹ್ನ ಭಾವ ಕೆಲಸದ ಬಟ್ಟೆಯಲ್ಲೇ ನನ್ನ ಅಂಗಡಿಗೆ ಬಂದರು. ಅಕ್ಕನೂ ಅಲ್ಲೇ ಇದ್ದಳು, ಊಟದ ಬಿಡುವಿಗೆ ಬಂದು ನನ್ನ ಬಟ್ಟೆಯ ಸುರುಳಿಗಳ ಮೇಲೆ ಕಾಲು ಚಾಚಿಕೊಂಡಿದ್ದಳು.

"ಬಂತು" ಅಂದರು ಭಾವ. "ಆರು ಐದು ಐದು ನಾಲ್ಕು ಎಂಟು."

"ಏನದು, ಲಾಟರಿನಾ?" ಅಂದಳು ಅಕ್ಕ.

"ನಮ್ಮ ನಂಬರ್ ಕಣೆ."

"ಎಷ್ಟು ಕೊಡ್ತಾರೆ ಅದಕ್ಕೆ?"

"ಕೊಡೋದಲ್ಲ, ನಾವೇ ವರ್ಷಾ ವರ್ಷಾ ಕಟ್ಟಬೇಕು."

ಅಕ್ಕ ನನ್ನ ಕಡೆ ತಿರುಗಿ, "ನೋಡಿದ್ಯಾ? ಮದುವೆ ಆಗದೆ ನೀನೇ ಬುದ್ಧಿವಂತೆ ಆದೆ" ಅಂದಳು. ಭಾವ ಅದಕ್ಕೂ ನಕ್ಕರು. ಅವತ್ತು ಅವರಿಗೆ ಏನು ಹೇಳಿದರೂ ನಗುವೇ. ನಂಬರಿನ ಜೊತೆಗೆ ವಿಳಾಸಗಳೂ ಬಂದಿದ್ದವು. ಎಷ್ಟು ಅಂತ ಕೇಳಿದೆ. ಈ ಊರಿನ ಮಣ್ಣಿನ ಒಂದೊಂದು ಕಣಕ್ಕೂ ಒಂದೊಂದು ಹಂಚಿದರೂ ಖರ್ಚಾಗುವುದಿಲ್ಲ ಅಂದರು. ಅದರಲ್ಲಿ ಅವರು ಬಳಸಿದ್ದು ಏಳೋ ಎಂಟೋ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ನಾನು ಅಂದದ್ದು ಅವರ ಕಿವಿಗೆ ಬೀಳಲೇ ಇಲ್ಲ.

ನಂಬರ್ ಕೈಗೆ ಬಂದರೆ ಆಗಲಿಲ್ಲ, ಅದು ನಡೆಯಬೇಕಲ್ಲ. ಮನೆಯ ಸಾಧಾರಣ ಕನೆಕ್ಷನ್ನಿನೊಳಗೇ ಒಂದು ಸುರಂಗ ಕೊರೆದ ಹಾಗೆ ಮಾಡಿ ಟೋಪಿಯವರ ಮೆಷಿನ್ನಿಗೆ ದಾರಿ ಸೇರಿಸಿದರು. ಅಲ್ಲಿಂದ ಮುಂದಕ್ಕೆ ಟೋಪಿಯವರು ಲೋಕಕ್ಕೆಲ್ಲ ಸಾರುತ್ತಾರೆ, ಈ ವಿಳಾಸಗಳು ಈ ನಂಬರಿನವರದು, ನನ್ನ ಮೂಲಕ ಬನ್ನಿ, ಅಂತ. ಬೀರುವಿನ ಮೇಲೆ ಇನ್ನೊಂದು ಮೆಷಿನ್ನು ಬಂದು ಕೂತಿತು. ಅದರ ಫ್ಯಾನು ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಮಲಗುವ ಕೋಣೆಯಲ್ಲಿ ಅದು ಬೇಡವೆಂದು ಅಕ್ಕ ಜಗಳವಾಡಿದಳು. ಬೇರೆ ಕೋಣೆ ಇದ್ದರೆ ತಾನೆ? ಆಮೇಲೆ ಅವಳು ಅದಕ್ಕೆ ಸವತಿ ಅಂತ ಹೆಸರಿಟ್ಟಳು. "ಸವತಿಗೆ ಜ್ವರ ಬಂದಿದೆ, ಬನ್ರೀ, ಕೆಂಪು ದೀಪ ಹತ್ತಿದೆ" ಅಂತ ಅಡುಗೆ ಮನೆಗೆ ಕೇಳುವಂತೆ ಕೂಗುತ್ತಿದ್ದಳು.

ಮೊದಲ ಸಲ ದಾರಿ ತೆರೆದ ದಿನ ಭಾವ ಮನೆಯಿಂದ ನನಗೆ ಫೋನ್ ಮಾಡಿದರು. "ಕತ್ತರಿ, ಈಗ ನಾನು ಕಳಿಸಿದ್ದನ್ನ ಒತ್ತಿ ನೋಡು. ಯಾರ ವೈಫೈಯೂ ಬೇಡ, ನಿನ್ನ ಫೋನಿನದ್ದೇ ಇರ್ಲಿ." ಒತ್ತಿದೆ. ಬಿಳಿ ಪುಟ, ಅದರ ಮೇಲೆ ಎರಡೇ ಪದ, "ಇದು ನಮ್ಮದು." ಓದಿ ಹೇಳಿದೆ. ಆ ಕಡೆಯಿಂದ ಅಕ್ಕನ ದನಿ ಕೇಳಿಸಿತು, "ಅಯ್ಯೋ, ಇದಕ್ಕೂ ಅಳ್ತಾರಾ ಯಾರಾದ್ರೂ?"

ಆಗಲೇ ಭಾವ ಒಂದು ತಪ್ಪು ಮಾಡಿದರು. ಅವತ್ತು ಅದು ತಪ್ಪಿನ ಹಾಗೆ ಕಾಣಲಿಲ್ಲ. ನಂಬರ್ ಹಂಚುವ ಕಚೇರಿಗೆ ಒಂದು ಇಮೇಲ್ ವಿಳಾಸ ಕೊಡಬೇಕು, ಏನಾದರೂ ಹೇಳುವುದಿದ್ದರೆ ಅವರು ಅಲ್ಲಿಗೇ ಬರೆಯುತ್ತಾರೆ. ಎಲ್ಲರಿಗೂ ಇರುವಂಥ ಮಾಮೂಲಿ ಇಮೇಲ್ ಭಾವನಿಗೂ ಇತ್ತು. ಅದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಸ್ವಂತ ಮನೆ ಕಟ್ಟಿಕೊಂಡು ಪಕ್ಕದ ಮನೆಗೆ ಟಪಾಲು ತರಿಸಿಕೊಳ್ಳುತ್ತಾರಾ ಯಾರಾದರೂ ಅಂತ, ಇಮೇಲನ್ನೂ ಬೀರುವಿನ ಮೇಲಿನ ಮೆಷಿನ್ನಿನಲ್ಲೇ ನಡೆಸಲು ಶುರು ಮಾಡಿದರು. ಕಚೇರಿಗೂ ಅದೇ ವಿಳಾಸ, ಟೋಪಿಯವರಿಗೂ ಅದೇ. ಹೊರಗಿನದೂ ಒಂದು ಇರಲಿ ಅಂತ ಟೋಪಿಯವರು ಹೇಳಿದ್ದರಂತೆ. ಭಾವ ಆಯಿತು ನೋಡೋಣ ಅಂದರು. ಅವರ 'ನೋಡೋಣ' ನಮಗೆಲ್ಲ ಗೊತ್ತಿದ್ದದ್ದೇ. ಬಚ್ಚಲಿನ ನಲ್ಲಿ ಎರಡು ವರ್ಷ ಆ 'ನೋಡೋಣ'ದಲ್ಲೇ ತೊಟ್ಟಿಕ್ಕಿತ್ತು.

ಮೂರು ವರ್ಷ ಎಲ್ಲ ಚೆನ್ನಾಗಿತ್ತು. ಒಂದು ಸಲ ಮನೆ ಬದಲಾಯಿತು, ಲಿಫ್ಟುಗಳು ಒಂದು ಗಳಿಗೆಯೂ ಕಾಣೆಯಾಗಲಿಲ್ಲ. ಸಾಮಾನಿನ ಗಾಡಿಯಲ್ಲಿ ಮೆಷಿನ್ನನ್ನು ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದರು, ಹೊಸ ಮನೆಯಲ್ಲಿ ಮೊದಲು ಬಿಚ್ಚಿದ್ದು ಅದನ್ನೇ. ಅಷ್ಟು ಹೊತ್ತು ಟೋಪಿಯವರು ತಮ್ಮ ಕಡೆ ಒಂದು ನಕಲು ಇಟ್ಟು ಲಿಫ್ಟುಗಳನ್ನು ಕಾದರು. ಅದು ಇದೇ ಮನೆ, ನನ್ನ ಅಂಗಡಿಯ ಮೇಲಿನದು. ವಿಳಾಸ ಅದೇ ಉಳಿಯಿತು ಅಂತ ಭಾವ ಕಂಡಕಂಡವರಿಗೆ ಹೇಳಿದರು. ಕೇಳಿದವರು ಹೌದಾ ಅಂದು ಚಹಾ ಕುಡಿದು ಹೋದರು.

ಆಮೇಲೆ ಅಕ್ಕನಿಗೆ ತಲೆನೋವು ಶುರುವಾಯಿತು.

ಮೊದಲು ಕನ್ನಡಕದ ದೋಷ ಅಂದುಕೊಂಡಳು. ಕನ್ನಡಕದ ಅಂಗಡಿಯವಳೇ ಅಲ್ಲವೇ, ಮೂರು ಸಲ ಗಾಜು ಬದಲಿಸಿದಳು. ಒಂದು ದಿನ ಗಿರಾಕಿಗೆ ಚಿಲ್ಲರೆ ಕೊಡುತ್ತ ಕೊಡುತ್ತ ಎಡಗೈ ಮಾತು ಕೇಳುವುದನ್ನು ನಿಲ್ಲಿಸಿತು. ಸ್ಕ್ಯಾನ್ ಮಾಡಿದರು. ಮೆದುಳಿನಲ್ಲಿ ಗಡ್ಡೆ. ತೆಗೆಯುತ್ತೇವೆ, ಪೂರ್ತಿ ತೆಗೆಯಲು ಆಗುವುದಿಲ್ಲ, ಅಂದರು ಡಾಕ್ಟರು. ಹಾಗೆ ಹೇಳುವಾಗ ಅವರು ಭಾವನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಪೆನ್ನನ್ನು ನೋಡಿದರು. ನನಗೆ ಅಲ್ಲೇ ಗೊತ್ತಾಯಿತು.

ಆಪರೇಷನ್ ಆದ ಮೇಲೆ ಅಕ್ಕ ವಾರ್ಡಿನಲ್ಲೇ ಉಳಿದಳು. ಭಾವ ಕೆಲಸ ಬಿಟ್ಟರು. ವಾರ್ಡಿನ ಹೊರಗೆ ತಗಡಿನ ಬೆಂಚು, ಅದೇ ಅವರ ಮನೆಯಾಯಿತು. ನಾನು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ಸಲ, ಮುಚ್ಚಿದ ಮೇಲೆ ಒಂದು ಸಲ ಹೋಗುತ್ತಿದ್ದೆ. ಹೀಗಿರುವಾಗ ಒಂದು ದಿನ ಅವರ ಫೋನಿನಲ್ಲಿ ಕೆಂಪು ಗುರುತು ಬಂತು. ಮನೆಯ ಮೆಷಿನ್ನು ಲೋಕಕ್ಕೆ ಸಿಗುತ್ತಿಲ್ಲ ಅಂತ ಅದರ ಅರ್ಥ.

"ಹೋಗಿ ನೋಡ್ಕೊಂಡು ಬನ್ನಿ ಭಾವ, ನಾನಿರ್ತೀನಿ" ಅಂದೆ.

"ಬೇಡ. ಟೋಪಿಯವರ ಕಡೆ ಏನೋ ಆಗಿರುತ್ತೆ. ಅವರೇ ಸರಿ ಮಾಡ್ತಾರೆ."

ಹಿಂದೆಯೂ ಹಾಗೆ ಆದದ್ದಿತ್ತು. ಟೋಪಿಯವರ ಮೆಷಿನ್ನು ಕೆಡುವುದು, ಅವರು ಎದ್ದು ಸರಿ ಮಾಡುವುದು, ಕ್ಷಮಿಸಿ ಅಂತ ಒಂದು ಸಾಲು ಬರೆಯುವುದು. ಭಾವ ಕಾದರು. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಅಕ್ಕನಿಗೆ ಸೋಂಕು ಹತ್ತಿತು, ಜ್ವರ ಏರಿತು, ಮತ್ತೆ ತಲೆ ತೆರೆದರು. ಕೆಂಪು ಗುರುತಿನ ಕಡೆ ನೋಡುವ ಸ್ಥಿತಿಯಲ್ಲಿ ಯಾರಿದ್ದರು? ಅವರನ್ನು ಬೈಯಲು ನನಗೆ ಈಗಲೂ ಬಾಯಿ ಬರುವುದಿಲ್ಲ. ತಿಂಗಳುಗಳೇ ಕಳೆದವು.

ಜ್ವರ ಇಳಿದು ಅಕ್ಕ ಸ್ವಲ್ಪ ಗಂಜಿ ಕುಡಿಯುವ ಹಾಗಾದಾಗ ಭಾವನನ್ನು ಬಲವಂತವಾಗಿ ಮನೆಗೆ ಕಳಿಸಿದೆ. ಸ್ನಾನ ಮಾಡಿ, ಮಲಗಿ ಬನ್ನಿ ಅಂತ. ಅವರು ಬೇಗನೆ ವಾಪಸು ಬಂದರು. ಸ್ನಾನವೂ ಇಲ್ಲ, ನಿದ್ದೆಯೂ ಇಲ್ಲ. ನನ್ನನ್ನು ವಾರ್ಡಿನಿಂದ ಹೊರಗೆ, ಮೆಟ್ಟಿಲ ಹತ್ತಿರ ಕರೆದರು.

"ಹೋಯ್ತು" ಅಂದರು.

"ಏನು ಹೋಯ್ತು?"

"ನಂಬರ್."

ಆದದ್ದು ಇಷ್ಟು, ಅಂಥವೇ ಪತ್ರ ತಲುಪಿದ್ದ ಬೇರೆ ಹವ್ಯಾಸಿಗಳು ಇಂಟರ್‌ನೆಟ್ಟಿನಲ್ಲಿ ಬರೆದುಕೊಂಡದ್ದನ್ನು ಓದಿ ಭಾವನಿಗೆ ತಿಳಿದದ್ದು. ಟೋಪಿಯವರ ಪುಟ್ಟ ಕಂಪನಿಯನ್ನು ಒಂದು ದೊಡ್ಡ ಕಂಪನಿ ಕೊಂಡುಕೊಂಡಿತ್ತು. ದೊಡ್ಡವರಿಗೆ ಹವ್ಯಾಸಿಗಳ ಉಸಾಬರಿ ಬೇಡವಾಗಿತ್ತು. ಜಾಮೀನು ಹಿಂದಕ್ಕೆ ತೆಗೆದುಕೊಂಡರು, ದಾರಿಯನ್ನೂ ಕಡಿದರು. ಅವರು ಮೊದಲು ದಾರಿ ಕಡಿದು, ಆಮೇಲೆ ನಿಮ್ಮ ದಾರಿ ಕಡಿದಿದ್ದೇವೆ ಅಂತ ಅದೇ ದಾರಿಯಲ್ಲಿ ಪತ್ರ ಕಳಿಸಿದ್ದರು. ಅದು ಎಲ್ಲಿಗೆ ತಲುಪೀತು? ನಂಬರ್ ಹಂಚುವ ಕಚೇರಿಯೂ ಬರೆಯಿತು. ನಿಮಗೆ ಜಾಮೀನುದಾರರಿಲ್ಲ, ಇಷ್ಟು ದಿನದೊಳಗೆ ಬೇರೆಯವರನ್ನು ಹುಡುಕಿಕೊಳ್ಳಿ, ಇಲ್ಲವಾದರೆ ಹಿಂದಕ್ಕೆ ಪಡೆಯುತ್ತೇವೆ, ಅಂತ. ಮತ್ತೆ ನೆನಪಿಸಿ ಬರೆಯಿತು. ಕೊನೆಯದಾಗಿ ಅಂತ ಒಂದು ಬರೆಯಿತು. ಎಲ್ಲವನ್ನೂ ಭಾವ ಹೆಮ್ಮೆಯಿಂದ ಕೊಟ್ಟಿದ್ದ ಆ ವಿಳಾಸಕ್ಕೇ, ಬೀರುವಿನ ಮೇಲಿನ ಮೆಷಿನ್ನಿಗೇ. ಲೋಕಕ್ಕೆಲ್ಲ ಸಿಗದೆ ಹೋದದ್ದು ಆ ಪತ್ರಗಳಿಗೆ ಮಾತ್ರ ಸಿಗುತ್ತದೆಯೇ? ಗಡುವು ಮುಗಿಯಿತು. ಕಚೇರಿಯ ಪಟ್ಟಿಯಲ್ಲಿ ಭಾವನ ಹೆಸರಿದ್ದ ಜಾಗ ಖಾಲಿ.

ನನಗೆ ಮೈಯೆಲ್ಲ ಉರಿಯಿತು. "ಒಂದು ಫೋನ್ ಮಾಡೋಕೆ ಏನಾಗಿತ್ತು ಅವರಿಗೆ? ಕೈಗೆ ಬಳೆ ತೊಟ್ಟಿದ್ರಾ?"

"ಅವರ ತಪ್ಪಿಲ್ಲ ಕತ್ತರಿ. ಅವರು ಬರೆದಿದ್ದಾರೆ." ಭಾವ ಮೆಟ್ಟಿಲ ಮೇಲೆ ಕೂತರು. "ಲಿಫ್ಟು ಕೆಟ್ಟು ನಿಂತರೆ ಬಾಗಿಲು ಹೊರಗಿನಿಂದ ತೆಗೆಯೋಕೆ ಒಂದು ಕೀಲಿ ಇರುತ್ತೆ. ಅದನ್ನ ಲಿಫ್ಟಿನ ಒಳಗೆ ನೇತು ಹಾಕಬಾರದು. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳಿಕೊಡೋ ಪಾಠ. ನಾನೇ ಎಷ್ಟು ಜನಕ್ಕೆ ಹೇಳಿದ್ದೀನಿ. ನನ್ನ ಮನೆಯಲ್ಲಿ ನಾನು ಕೀಲಿಯನ್ನ ಒಳಗೇ ಇಟ್ಟೆ."

"ಈಗ ಬರೆದು ಕೇಳಿ. ಹೆಂಡತಿಗೆ ಹುಷಾರಿರಲಿಲ್ಲ ಅಂತ ಹೇಳಿ. ಅವರೂ ಮನುಷ್ಯರೇ ತಾನೆ?"

ಬರೆದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅವರ ಆ ಮಾಮೂಲಿ ಇಮೇಲಿನಿಂದ, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ. ಉತ್ತರ ಮರುದಿನವೇ ಬಂತು. ತುಂಬ ಮರ್ಯಾದೆಯ ಉತ್ತರ. ನಿಮ್ಮ ಪತ್ನಿಯ ವಿಷಯ ಕೇಳಿ ವಿಷಾದವಾಯಿತು. ನಿಯಮದ ಪ್ರಕಾರ ನಂಬರನ್ನು ಹಿಂದಕ್ಕೆ ಪಡೆಯಲಾಗಿದೆ. ಕೆಲವು ಕಾಲ ಅದನ್ನು ಯಾರಿಗೂ ಕೊಡದೆ ಇಡುತ್ತೇವೆ, ಆಮೇಲೆ ಬೇರೆಯವರಿಗೆ ಕೊಡಬಹುದು. ನೀವು ಹೊಸ ಜಾಮೀನುದಾರರ ಮೂಲಕ ಹೊಸ ನಂಬರಿಗೆ ಅರ್ಜಿ ಹಾಕಲು ಸ್ವಾಗತ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಇಷ್ಟು ನಯವಾಗಿ ಬರೆದವರನ್ನು ಏನು ಮಾಡುವುದು?

"ಅಕ್ಕನಿಗೆ ಹೇಳಬೇಡ" ಅಂದರು ಭಾವ.

"ಅವಳಿಗೆ ಹೇಳಿದ್ರೆ ಏನಾಗುತ್ತೆ? ಸವತಿ ಕಾಟ ತಪ್ಪಿತು ಅಂತ ಖುಷಿ ಪಡ್ತಾಳೆ" ಅಂದೆ. ನಗಿಸಲು ಅಂದದ್ದು. ಅವರು ನಗಲಿಲ್ಲ.

ಆ ವೇಳೆಗೆ ಅಕ್ಕನ ಮಾತು ಕಲಸಿಕೊಳ್ಳತೊಡಗಿತ್ತು. ಚಮಚವನ್ನು ಬಾಚಣಿಗೆ ಅನ್ನುತ್ತಿದ್ದಳು. ನನ್ನನ್ನು ಒಮ್ಮೊಮ್ಮೆ ಅಮ್ಮ ಅಂತ ಕರೆಯುತ್ತಿದ್ದಳು, ನಾನು ಓಗೊಡುತ್ತಿದ್ದೆ. ದಿನಾ ಬೆಳಿಗ್ಗೆ ಒಬ್ಬ ಡಾಕ್ಟರಮ್ಮ ಬಂದು ಮಂಚದ ಪಕ್ಕ ನಿಂತು ಕೆಲವು ಪ್ರಶ್ನೆ ಕೇಳುತ್ತಿದ್ದರು, ಮೆದುಳು ಎಷ್ಟು ನಡೆಯುತ್ತಿದೆ ಅಂತ ನೋಡಲು. ಇವತ್ತು ಯಾವ ವಾರ? ಇದು ಯಾವ ಜಾಗ? ಇವರು ಯಾರು? ಮೊದಮೊದಲು ಅಕ್ಕ ರೇಗುತ್ತಿದ್ದಳು, ನಿಮಗೆ ಗೊತ್ತಿಲ್ವಾ, ನನ್ನನ್ನ ಯಾಕೆ ಕೇಳ್ತೀರಿ, ಅಂತ. ಬರಬರುತ್ತ ರೇಗುವುದು ನಿಂತಿತು. ವಾರ ತಪ್ಪಿತು. ಜಾಗ ತಪ್ಪಿತು. ಪ್ರಶ್ನೆ ಕೇಳುವಾಗ ಭಾವ ಹಿಂದೆ ನಿಂತು, ಪರೀಕ್ಷೆಗೆ ಕೂತ ಮಗುವಿನ ಅಪ್ಪನ ಹಾಗೆ, ತುಟಿಯಲ್ಲೇ ಉತ್ತರ ಹೇಳುತ್ತಿದ್ದರು.

ಕಚೇರಿಯ ಉತ್ತರ ಬಂದ ಮರುದಿನವೇ ಇರಬೇಕು, ಡಾಕ್ಟರಮ್ಮ ಬಂದರು. ಕಿಟಕಿಯಿಂದ ಬಿಸಿಲು ಅಕ್ಕನ ಬೋಳು ತಲೆಯ ಮೇಲೆ ಬಿದ್ದಿತ್ತು. ನಾನು ಪರದೆ ಎಳೆಯಲು ಎದ್ದೆ. ಆಸ್ಪತ್ರೆಯ ಪರದೆ, ಅಂಚು ಸರಿಯಾಗಿ ಮಡಿಸಿಯೇ ಇರಲಿಲ್ಲ.

"ಇವತ್ತು ಯಾವ ವಾರ?"

ಅಕ್ಕ ಹೊದಿಕೆಯ ಅಂಚು ಹಿಡಿದು ತಿರುಚಿದಳು.

"ಇವರು ಯಾರು?" ಡಾಕ್ಟರಮ್ಮ ಭಾವನ ಕಡೆ ತೋರಿಸಿದರು.

ಅಕ್ಕ ನೋಡಿದಳು. ನೋಡುತ್ತಲೇ ಇದ್ದಳು. "ಇವರು ನಮ್ಮನೆಯವರು" ಅಂದಳು ಕೊನೆಗೆ.

"ಸರಿ. ನಿಮ್ಮ ಮನೆ ವಿಳಾಸ ಹೇಳ್ತೀರಾ?"

"ಆರು ಐದು ಐದು ನಾಲ್ಕು ಎಂಟು" ಅಂದಳು ಅಕ್ಕ. ಎಲ್ಲೂ ತಡವರಿಸಲಿಲ್ಲ.

"ಫೋನ್ ನಂಬರ್ ಅಲ್ಲಮ್ಮ, ವಿಳಾಸ. ಬೀದಿ ಹೆಸರು."

"ಅದೇ ವಿಳಾಸ. ಅದು ನಮ್ಮದು" ಅಂದಳು. ದನಿಯಲ್ಲಿ ಹಳೆಯ ಸಿಟ್ಟು ಸ್ವಲ್ಪ ಇತ್ತು.

ಡಾಕ್ಟರಮ್ಮ ಹಾಳೆಯಲ್ಲಿ ಏನೋ ಗೀಚಿಕೊಂಡು, ನಮ್ಮ ಕಡೆ ತಿರುಗಿ, ಮೆಲ್ಲಗೆ, "ಗೊಂದಲ ಜಾಸ್ತಿ ಆಗಿದೆ" ಅಂದರು.

"ಇಲ್ಲ ಡಾಕ್ಟ್ರೇ" ಅಂದರು ಭಾವ. "ಇದೊಂದನ್ನ ಸರಿಯಾಗಿ ಹೇಳಿದ್ದಾಳೆ."

ಡಾಕ್ಟರಮ್ಮನಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ನಾನು ಪರದೆ ಹಿಡಿದುಕೊಂಡೇ ನಿಂತಿದ್ದೆ. ಮೂರು ವರ್ಷ ಅಣಕಿಸಿದವಳು, ಲಾಟರಿ ಅಂದವಳು, ಸವತಿ ಅಂದವಳು, ಅದನ್ನು ಯಾವಾಗ ಬಾಯಿಪಾಠ ಮಾಡಿಕೊಂಡಳು? ನನ್ನ ಹೆಸರೇ ಮರೆತಿದ್ದಳು ನನ್ನ ಅಕ್ಕ. ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಒಂದು ನಂಬರಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

ಅಕ್ಕ ಭಾವನ ಕೈ ಹಿಡಿದುಕೊಂಡಳು. ಉಗುರಿನ ಕಪ್ಪು ಅಷ್ಟು ತಿಂಗಳಲ್ಲಿ ಹೋಗಿಬಿಟ್ಟಿತ್ತು, ಕೈ ಯಾವುದೋ ಗುಮಾಸ್ತನ ಕೈಯ ಹಾಗೆ ಬೆಳ್ಳಗಾಗಿತ್ತು.

"ನಡೀತಿದೆಯಾ?" ಅಂದಳು.

"ಏನೇ?"

"ನಮ್ಮದು."

ಭಾವ ಒಂದು ಗಳಿಗೆ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಲ್ಲ ಅವರು. ಕದ್ದು ಒಂದು ಸಿಗರೇಟು ಸೇದಿ ಬಂದರೂ ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದರು.

"ನಡೀತಿದೆ" ಅಂದರು.

"ಶಬ್ದ ಆದ್ರೆ ಆಗ್ಲಿ. ಆಫ್ ಮಾಡಬೇಡಿ."

"ಮಾಡಲ್ಲ."

ಅವಳು ನಂಬಿದಳು. ಕಣ್ಣು ಮುಚ್ಚಿಕೊಂಡಳು. ಅದಾದ ಮೇಲೆ ಡಾಕ್ಟರಮ್ಮನ ಪ್ರಶ್ನೆಗಳಿಗೆ ಅವಳು ಉತ್ತರ ಹೇಳಿದ್ದು ನನಗೆ ನೆನಪಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಹೋದಳು, ಮಧ್ಯಾಹ್ನ, ನಾನು ಅಂಗಡಿಯಲ್ಲಿದ್ದಾಗ. ಯಾರದೋ ಮನೆಯ ಹನ್ನೆರಡು ಅಡಿ ಪರದೆಯ ಅಂಚು ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗಿತ್ತು. ಅದನ್ನು ಅರ್ಧಕ್ಕೆ ಬಿಟ್ಟು ಓಡಿದೆ.

ಕನ್ನಡಕದ ಅಂಗಡಿಯ ಯಜಮಾನರು ಮಾತಾಡಿಸಲು ಬಂದಿದ್ದರು. ಭಾವನ ಕೈ ಹಿಡಿದುಕೊಂಡು, "ನಿಮಗೆ ಇಂಟರ್‌ನೆಟ್ಟಲ್ಲಿ ಸ್ವಂತ ಜಾಗ ಇದೆಯಂತಲ್ಲ ಸಾರ್, ನಿಮ್ಮನೆಯೋರು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳೋರು" ಅಂದರು. ಭಾವ ಹೌದು ಅಂದರು. ಇತ್ತು ಅಂತ ಅವರು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಈಗ ವರ್ಷದ ಮೇಲಾಯಿತು. ಭಾವ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಊಟ ನನ್ನಲ್ಲೇ. ಟೋಪಿಯವರು ಹವ್ಯಾಸಿಗಳ ಒಂದು ಗುಂಪಿನಲ್ಲಿ ಹುಡುಕಿ ಹುಡುಕಿ ಭಾವನನ್ನು ಹಿಡಿದರು. ಕಂಪನಿ ಮಾರಿದ್ದು ಅವರ ಆರೋಗ್ಯ ಕೆಟ್ಟಿದ್ದಕ್ಕೆ. ಯಾರಿಗೂ ತೊಂದರೆ ಕೊಡುವುದಿಲ್ಲ ಅಂತ ದೊಡ್ಡವರು ಅವರಿಗೆ ಮಾತು ಕೊಟ್ಟಿದ್ದರಂತೆ. ಉದ್ದಕ್ಕೆ ಬರೆದಿದ್ದರು, ಪಾಪ. ಹೊಸ ಜಾಮೀನುದಾರರನ್ನು ತಾವೇ ಹುಡುಕಿಕೊಡುತ್ತೇನೆ, ಅರ್ಜಿ ತಾವೇ ಬರೆಯುತ್ತೇನೆ, ಹೊಸ ನಂಬರ್ ತೆಗೆದುಕೊಳ್ಳಿ, ಅಂತ. ಭಾವ ಅದಕ್ಕೆ ನೋಡೋಣ ಅಂತ ಬರೆದರು.

ಮೊನ್ನೆ ಒಗೆದ ಬಟ್ಟೆ ಕೊಡಲು ಮಹಡಿಗೆ ಹೋಗಿದ್ದೆ. ಮಲಗುವ ಕೋಣೆಯಲ್ಲಿ ಮೆಷಿನ್ನಿನ ಫ್ಯಾನು ಓಡುತ್ತಿತ್ತು. ಅದು ಈಗ ಯಾವ ಊರಿಗೂ ಯಾವ ದೇಶಕ್ಕೂ ಸೇರಿಲ್ಲ, ಸುಮ್ಮನೆ ಓಡುತ್ತದೆ. ಅದರೊಳಗೆ ಲಿಫ್ಟುಗಳು ಇವೆ, ನೋಡುವವರಿಲ್ಲ. ಭಾವ ಮಂಚದ ತುದಿಯಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹೊಸದು ತಗೊಳ್ಳಿ ಭಾವ. ಅವರು ಅಷ್ಟು ಹೇಳ್ತಿದ್ದಾರೆ. ಈ ಸಲ ಇಮೇಲ್ ಹೊರಗಿಟ್ಟರೆ ಆಯ್ತು."

"ತಗೋಬಹುದು."

"ಮತ್ತೆ?"

"ತಗೊಂಡು ಯಾರಿಗೆ ಹೇಳ್ಲಿ?"

"ನನಗೆ ಹೇಳಿ."

"ನಿನಗೆ ಅರ್ಥ ಆಗಲ್ಲ ಕತ್ತರಿ."

"ಅಕ್ಕನಿಗೆ ಅರ್ಥ ಆಗ್ತಿತ್ತಾ?"

ಭಾವ ಇನ್ನೊಂದು ಕಾಲುಚೀಲ ಹುಡುಕುತ್ತ ಮಂಚದ ಕೆಳಗೆ ಬಗ್ಗಿದರು. ಅದು ಸಿಗಲು ಹೊತ್ತು ಹಿಡಿಯಿತು.

"ಇಲ್ಲ" ಅಂದರು ಅಲ್ಲಿಂದಲೇ. "ಆದ್ರೆ ದಿನಾ ಬಂದು ಕೇಳೋಳು, ನಡೀತಿದೆಯಾ ಅಂತ."